ಡೆಬಿಟ್ ಅಂದರೇನು, ಕ್ರೆಡಿಟ್ ಅಂದರೇನು?

(ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ಸಭೆಯಲ್ಲಿ ನಿವೃತ್ತ ಕಾರ್ಯದರ್ಶಿಗಳು ಮಾಡಿದ ಭಾಷಣ)



ನಮ್ಮ ಪತ್ತಿನ ಸಹಕಾರ ಸಂಘಕ್ಕೆ 25 ವರ್ಷ ತುಂಬಿದ ಈ ಹೊತ್ತಿನಲ್ಲಿ ನನ್ನಂಥ ಹಳೆಯ ನೌಕರನನ್ನು ಮರೆಯದೆ ಕರೆದು ಶಾಲು ಹೊದಿಸಿದಿರಿ. ಷೇರು ಎಷ್ಟು, ಠೇವು ಎಷ್ಟು, ಸಾಲ ಎಷ್ಟು, ವಸೂಲಿ ಎಷ್ಟು ಎಂಬುದನ್ನೆಲ್ಲ ಈಗಿನ ಕಾರ್ಯದರ್ಶಿಗಳು ವರದಿಯಲ್ಲಿ ಚೆನ್ನಾಗಿ ಓದಿದ್ದಾರೆ. ಅದನ್ನೇ ನಾನು ತಿರುಗಿ ಓದಿದರೆ ಊಟದ ಹೊತ್ತು ಮೀರುತ್ತದೆ. ಅಧ್ಯಕ್ಷರು ನನಗೆ ಹೇಳಿದ್ದು ಬೇರೆಯೇ. "ಮಂದಿಗೆ ಮೊಬೈಲಿನಾಗ ದಿನಾ ಎರಡು ಇಂಗ್ಲಿಷ್ ಮಾತು ಬರ್ತಾವು. ಒಂದು ಡೆಬಿಟ್, ಒಂದು ಕ್ರೆಡಿಟ್. ಅವೆರಡರ ಅರ್ಥ ಬಿಡಿಸಿ ಹೇಳ್ರಿ ಸಾಕು" ಅಂದರು. ಕೇಳಲಿಕ್ಕೆ ಸಣ್ಣ ವಿಷಯ. ಆದರೆ ಈ ಎರಡು ಮಾತಿನ ನಡುವೆ ನಾನು ಒಮ್ಮೆ ಎಡವಿ ಬಿದ್ದಿದ್ದೇನೆ. ಆದ್ದರಿಂದ ಒಪ್ಪಿಕೊಂಡೆ.

ಮೊದಲು ನಮ್ಮ ಓಣಿಯ ಮಾತಿನಿಂದಲೇ ಸುರು ಮಾಡೋಣ. ಕಿರಾಣಿ ಅಂಗಡಿಗೆ ಹೋಗುತ್ತೀರಿ. ಒಂದು ಕೆಜಿ ಬೆಲ್ಲ, ಅರ್ಧ ಕೆಜಿ ಶೇಂಗಾ ತಗೊಳ್ಳುತ್ತೀರಿ. ಕಿಸೆಯಲ್ಲಿ ರೊಕ್ಕ ಇಲ್ಲ. ಆಗ ಅಂಗಡಿಯವನಿಗೆ ಏನು ಹೇಳುತ್ತೀರಿ? "ನನ್ನ ಹೆಸರಿಗೆ ಬರಕೋರಿ" ಅನ್ನುತ್ತೀರಿ. ಬಂಧುಗಳೇ, ಅದೇ ಡೆಬಿಟ್. ಎಂಟು ದಿನ ಬಿಟ್ಟು ಹೋಗಿ ನೂರು ರೂಪಾಯಿ ಕೊಟ್ಟು "ಜಮಾ ಮಾಡ್ಕೋರಿ" ಅನ್ನುತ್ತೀರಿ. ಅದೇ ಕ್ರೆಡಿಟ್. ಇಷ್ಟನ್ನು ತಿಳಿಯಲಿಕ್ಕೆ ಯಾರೂ ಕಾಲೇಜಿಗೆ ಹೋಗಬೇಕಾಗಿಲ್ಲ. ನಮ್ಮ ಅಜ್ಜಂದಿರಿಗೆ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ. ಆದರೆ ಯಾವುದು ಹೆಸರಿಗೆ ಹೋಯಿತು, ಯಾವುದು ಜಮಾ ಆಯಿತು ಎಂಬುದರಲ್ಲಿ ಅವರನ್ನು ಮೋಸ ಮಾಡುವುದು ಸುಲಭ ಇರಲಿಲ್ಲ.

ಈ ಎರಡು ಶಬ್ದಗಳು ಇಂಗ್ಲಿಷಿನವು ಅಂತ ನಾವು ಅನ್ನುತ್ತೇವೆ. ಇಂಗ್ಲಿಷಿಗೆ ಅವು ಬಂದದ್ದು ಲ್ಯಾಟಿನ್ ಭಾಷೆಯಿಂದ. ಡೆಬಿಟ್ ಎಂಬುದರ ಮೂಲ 'ಡೆಬೇರೆ'. ಅಂದರೆ ಕೊಡಬೇಕಾಗಿರುವುದು, ಬಾಕಿ ಇರುವುದು. ಒಬ್ಬರದನ್ನು ನಾವು ಇಟ್ಟುಕೊಂಡಿದ್ದೇವೆ, ತಿರುಗಿ ಕೊಡಬೇಕು ಎಂಬ ಭಾವ ಅದರಲ್ಲಿದೆ. ನಾವು 'ಋಣ' ಅನ್ನುತ್ತೇವಲ್ಲ, ಅದಕ್ಕೆ ಹತ್ತಿರ. ಇಂಗ್ಲಿಷಿನಲ್ಲಿ ಕರ್ತವ್ಯಕ್ಕೆ 'ಡ್ಯೂಟಿ' ಎನ್ನುತ್ತಾರೆ. ಅದೂ ಇದೇ ಬೇರಿನಿಂದ ಬಂದದ್ದು. ತೀರಿಸಬೇಕಾದ ಬಾಕಿಯೂ ಮಾಡಬೇಕಾದ ಕೆಲಸವೂ ಆ ಭಾಷೆಯಲ್ಲಿ ಒಂದೇ ಮನೆಯ ಮಕ್ಕಳು.

ಕ್ರೆಡಿಟ್ ಎಂಬುದರ ಮೂಲ 'ಕ್ರೆಡೆರೆ'. ಅದರ ಅರ್ಥ ನಂಬುವುದು. ಇಲ್ಲಿ ಒಂದು ಸೋಜಿಗ ಇದೆ. ಭಾಷಾಶಾಸ್ತ್ರ ಬಲ್ಲವರು ಹೇಳುವ ಪ್ರಕಾರ ಲ್ಯಾಟಿನ್ನಿನ ಈ ಶಬ್ದವೂ ಸಂಸ್ಕೃತದ 'ಶ್ರದ್ಧಾ' ಎಂಬ ಶಬ್ದವೂ ಒಂದೇ ಮೂಲದಿಂದ ಹುಟ್ಟಿದವು. ಅಂದರೆ ನಾವು ದಿನಾ ಆಡುವ ಶ್ರದ್ಧೆಯೂ ಬ್ಯಾಂಕಿನವರು ಆಡುವ ಕ್ರೆಡಿಟ್ಟೂ ಅಕ್ಕತಂಗಿಯರು. ಒಬ್ಬಳು ಗುಡಿಗೆ ಹೋದಳು, ಇನ್ನೊಬ್ಬಳು ಪೇಟೆಗೆ ಹೋದಳು. ನಮ್ಮ ಕನ್ನಡದಲ್ಲಿ ಶ್ರದ್ಧೆ ಅಂದರೆ ನಂಬಿಕೆಯೂ ಹೌದು, ಮನಸ್ಸಿಟ್ಟು ಕೆಲಸ ಮಾಡುವುದೂ ಹೌದು. ಈ ಎರಡೂ ಅರ್ಥ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತವೆ.

ಈ ಜೋಡಿ ಲೆಕ್ಕದ ಪದ್ಧತಿ ಇಟಲಿ ದೇಶದ ವ್ಯಾಪಾರಿಗಳಲ್ಲಿ ಬೆಳೆದದ್ದು. 1494ರಲ್ಲಿ ವೆನಿಸ್ ಪಟ್ಟಣದಲ್ಲಿ ಲೂಕಾ ಪಾಚೋಲಿ ಎಂಬ ಗಣಿತಜ್ಞರ ಪುಸ್ತಕ ಅಚ್ಚಾಯಿತು. ಅವರು ಒಬ್ಬ ಸನ್ಯಾಸಿ. ಈ ಪದ್ಧತಿಯನ್ನು ಅವರೇನೂ ಕಂಡುಹಿಡಿಯಲಿಲ್ಲ, ವ್ಯಾಪಾರಿಗಳು ಮಾಡುತ್ತಿದ್ದುದನ್ನು ಕ್ರಮವಾಗಿ ಬರೆದು ಇಟ್ಟರು. ಅದರ ತಿರುಳು ಇಷ್ಟೇ: ಒಬ್ಬರು ಕೊಟ್ಟರೆ ಇನ್ನೊಬ್ಬರು ತಗೊಂಡಿರಲೇಬೇಕು. ಆದ್ದರಿಂದ ಪ್ರತಿ ವ್ಯವಹಾರವನ್ನು ಎರಡು ಕಡೆ ಬರೆ. ಡೆಬಿಟ್ಟಿನ ಒಟ್ಟು ಮೊತ್ತ ಕ್ರೆಡಿಟ್ಟಿನ ಒಟ್ಟು ಮೊತ್ತಕ್ಕೆ ಸರಿ ಹೊಂದಬೇಕು. ಹೊಂದದಿದ್ದರೆ ಎಲ್ಲೋ ತಪ್ಪಿದೆ.

ಇನ್ನು ತಲೆ ತಿರುಗಿಸುವ ಭಾಗಕ್ಕೆ ಬರೋಣ. ಅನೇಕ ಸದಸ್ಯರು ನನ್ನನ್ನು ಕೇಳಿದ್ದುಂಟು: "ಸಾಹೇಬರ, ಕ್ರೆಡಿಟ್ ಅಂದ್ರ ಜಮಾ ಅಂತೀರಿ. ಹಂಗಾದ್ರ ಕ್ರೆಡಿಟ್ ಸೊಸೈಟಿ ಅಂದ್ರ ಸಾಲ ಕೊಡೋ ಸೊಸೈಟಿ ಅಂತ ಯಾಕ? ಜಮಾನೂ ಅದ, ಸಾಲಾನೂ ಅದ ಅಂದ್ರ ಹೆಂಗ್ರಿ?" ಈ ಪ್ರಶ್ನೆ ಬಹಳ ಚಲೋ ಪ್ರಶ್ನೆ. ಉತ್ತರ ಇರುವುದು 'ಯಾರ ಪುಸ್ತಕ' ಎಂಬುದರಲ್ಲಿ.

ನೀವು ಸಂಘದಲ್ಲಿ ಸಾವಿರ ರೂಪಾಯಿ ಠೇವು ಇಟ್ಟಿರಿ ಅನ್ನಿ. ನೀವು ಸಂಘವನ್ನು ನಂಬಿದಿರಿ. ಸಂಘ ಈಗ ನಿಮಗೆ ಸಾವಿರ ಕೊಡಬೇಕಾದ್ದು. ಅದಕ್ಕೇ ಸಂಘದ ಪುಸ್ತಕದಲ್ಲಿ ನಿಮ್ಮ ಖಾತೆಗೆ ಕ್ರೆಡಿಟ್. ನೀವು ಸಂಘದಿಂದ ಹತ್ತು ಸಾವಿರ ಬೆಳೆಸಾಲ ತಗೊಂಡಿರಿ ಅನ್ನಿ. ಈಗ ಸಂಘ ನಿಮ್ಮನ್ನು ನಂಬಿತು. ಕೊಡಬೇಕಾದವರು ನೀವು. ಅದಕ್ಕೇ ನಿಮ್ಮ ಸಾಲದ ಖಾತೆಗೆ ಡೆಬಿಟ್. ಪಾಸ್‌ಬುಕ್ಕು ನಿಮ್ಮ ಕೈಯಲ್ಲಿದ್ದರೂ ಅದು ಸಂಘದ ಪುಸ್ತಕದ ನಕಲು. ನೀವೇ ಮನೆಯಲ್ಲಿ ಒಂದು ಲೆಕ್ಕದ ಪುಸ್ತಕ ಇಟ್ಟರೆ ಅದೇ ಠೇವು ನಿಮ್ಮ ಪುಸ್ತಕದಲ್ಲಿ ಸಂಘದ ಹೆಸರಿಗೆ ಡೆಬಿಟ್ ಆಗುತ್ತದೆ. ಎದುರು ಬದುರು ನಿಂತವರಿಗೆ ಒಬ್ಬರ ಎಡಗೈ ಇನ್ನೊಬ್ಬರ ಬಲಗೈ ಕಡೆ ಬರುವ ಹಾಗೆ. ಹೀಗೆ ಸಂಘ ನಿಮ್ಮನ್ನು ನಂಬಿ ಕೊಟ್ಟದ್ದೂ ಕ್ರೆಡಿಟ್, ನೀವು ಸಂಘವನ್ನು ನಂಬಿ ಇಟ್ಟದ್ದೂ ಕ್ರೆಡಿಟ್. ಎರಡಕ್ಕೂ ಮೂಲ ಒಂದೇ, ನಂಬಿಕೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದೇ ನನಗೂ ತೊಡಕಾಯಿತು. ನಮ್ಮ ಕೀರ್ದಿ ಪುಸ್ತಕದಲ್ಲಿ ಎಡಗಡೆ ಜಮಾ, ಬಲಗಡೆ ಖರ್ಚು. ಇಂಗ್ಲಿಷ್ ಪದ್ಧತಿಯ ಖಾತೆಯಲ್ಲಿ ಎಡಗಡೆ ಡೆಬಿಟ್, ಬಲಗಡೆ ಕ್ರೆಡಿಟ್. ಕೀರ್ದಿಯ ಎಡಗಡೆ ಜಮಾ ಆದದ್ದನ್ನು ಸದಸ್ಯರ ಖಾತೆಗೆ ಎತ್ತಿ ಬರೆಯುವಾಗ ಬಲಗಡೆಯ ಕ್ರೆಡಿಟ್ ಕಾಲಮಿಗೆ ಬರೆಯಬೇಕು. ಕಣ್ಣು ಎಡಕ್ಕಿದ್ದರೆ ಕೈ ಬಲಕ್ಕೆ ಹೋಗಬೇಕು. ಮನಸ್ಸು ಅಲ್ಲಿ ಇಲ್ಲದಿದ್ದರೆ ಕೈಯೂ ಎಡಕ್ಕೇ ಹೋಗುತ್ತದೆ. ನನ್ನ ಕೈ ಒಮ್ಮೆ ಹಾಗೆ ಹೋಯಿತು.

ಅದು 2002ನೇ ಇಸವಿ. ಸಂಘ ಸುರುವಾಗಿ ಎರಡು ವರ್ಷ. ನಮ್ಮ ಊರಿನ ಒಬ್ಬ ತಾಯಿ. ಗಂಡ ತೀರಿಕೊಂಡಿದ್ದರು, ಎರಡೂವರೆ ಎಕರೆ ಎರೆ ಹೊಲ. ಸಂಘದಿಂದ 10,000 ರೂಪಾಯಿ ಬೆಳೆಸಾಲ ತಗೊಂಡಿದ್ದರು. ಆ ತಾಯಿ ಇಂದು ಇಲ್ಲ. ಅವರ ಮಗ ಈ ಸಭೆಯಲ್ಲಿದ್ದಾರೆ. ಅವರ ಒಪ್ಪಿಗೆ ಪಡೆದೇ ಈ ಮಾತು ಹೇಳುತ್ತಿದ್ದೇನೆ, ಹೆಸರು ಹೇಳುವುದಿಲ್ಲ. ಫೆಬ್ರವರಿಯಲ್ಲಿ ಅವರು ಮೆಣಸಿನಕಾಯಿ ಮಾರಿ ಬಂದ ರೊಕ್ಕದಲ್ಲಿ 4,500 ತಂದು ಕಟ್ಟಿದರು. ನಾನೇ ಎಣಿಸಿಕೊಂಡೆ, ನಾನೇ ಪಾವತಿ ಬರೆದು ಕೊಟ್ಟೆ, ಕೀರ್ದಿಯಲ್ಲಿ ಸರಿಯಾಗಿ ಜಮಾ ಹಿಡಿದೆ. ಖಾತೆಗೆ ಎತ್ತುವಾಗ ಮಾತ್ರ ಡೆಬಿಟ್ ಕಾಲಮಿನಲ್ಲಿ ಬರೆದುಬಿಟ್ಟೆ. ಕಳೆಯಬೇಕಾದದ್ದು ಕೂಡಿತು. 5,500 ಉಳಿಯಬೇಕಾದ ಅಸಲು 14,500 ಆಯಿತು.

ಮಾರ್ಚ್ ತಿಂಗಳು ವಸೂಲಿಯ ತಿಂಗಳು. ಖಾತೆ ನೋಡಿ ಎಲ್ಲರಿಗೂ ನೋಟೀಸು ಬರೆದೆವು. ಆ ತಾಯಿಗೆ ಓದು ಬರುತ್ತಿರಲಿಲ್ಲ. ಸಂಘದ ಸಿಪಾಯಿ ಅವರ ಮನೆಯ ಕಟ್ಟೆಯ ಮೇಲೆ ನಿಂತು, ಓಣಿಯ ಮಂದಿ ಕೇಳುವ ಹಾಗೆ ನೋಟೀಸು ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದ. ಇತ್ತ ಕಚೇರಿಯಲ್ಲಿ ನಾನು ತಾಳೆಪಟ್ಟಿ ಹಾಕಿಕೊಂಡು ಕೂತಿದ್ದೆ. ಎರಡು ಕಡೆ ಸರಿ ಹೊಂದುತ್ತಿಲ್ಲ. 9,000 ರೂಪಾಯಿ ವ್ಯತ್ಯಾಸ. ಮೂರು ರಾತ್ರಿ ಕಂದೀಲು ಹಚ್ಚಿಕೊಂಡು 9,000ದ ಒಂದು ವ್ಯವಹಾರ ಎಲ್ಲಿದೆ ಅಂತ ಪುಸ್ತಕವೆಲ್ಲ ತಿರುವಿದೆ. ಇರಲೇ ಇಲ್ಲ. ಇದ್ದರೆ ತಾನೇ ಸಿಗುವುದು?

ಮೂರನೇ ದಿನ ಮುಂಜಾನೆ ಆ ತಾಯಿ ಬಂದರು. ಸೆರಗಿನ ಗಂಟು ಬಿಚ್ಚಿ ಪಾವತಿ ತೆಗೆದು ಮೇಜಿನ ಮೇಲೆ ಇಟ್ಟರು. "ತಮ್ಮಾ, ನನಗ ಓದಾಕ ಬರೂದಿಲ್ಲ ಖರೆ. ಆದ್ರ ನಾ ಕೊಟ್ಟದ್ದು ಕಳೀಬೇಕೋ, ಕೂಡಬೇಕೋ?" ಅಂದರು. ನಾನು ಪಾವತಿ ನೋಡಿದೆ, ಖಾತೆ ತೆಗೆದೆ, ಬೆವರಿದೆ. 4,500 ಒಂದು ಕಡೆ ಹೆಚ್ಚಾಗಿ, ಇನ್ನೊಂದು ಕಡೆ ಕಡಿಮೆಯಾಗಿ, ಎರಡು ಸೇರಿ 9,000. ಮುಂದೆ ಒಬ್ಬ ಹಿರಿಯ ಲೆಕ್ಕಪರಿಶೋಧಕರು ನನಗೆ ಹೇಳಿಕೊಟ್ಟರು: ತಾಳೆ ಆಗದಿದ್ದರೆ ವ್ಯತ್ಯಾಸವನ್ನು ಮೊದಲು ಎರಡರಿಂದ ಭಾಗಿಸು, ಆ ಮೊತ್ತವನ್ನು ಹುಡುಕು. ಕಾಲಮು ತಪ್ಪಿದ್ದರೆ ಅಲ್ಲಿ ಸಿಗುತ್ತದೆ. ಒಂಬತ್ತರಿಂದ ಭಾಗವಾದರೆ ಅಂಕಿ ಹಿಂದುಮುಂದಾಗಿರಬಹುದು, 54ನ್ನು 45 ಅಂತ ಬರೆದ ಹಾಗೆ. ಈ ಸೂತ್ರ ಈಗಿನ ಹುಡುಗರಿಗೂ ಉಪಯೋಗಕ್ಕೆ ಬರುತ್ತದೆ ಅಂತ ಹೇಳಿದೆ. ಆದರೆ ನನ್ನ ತಪ್ಪನ್ನು ನನಗೆ ಮೊದಲು ತೋರಿಸಿದ್ದು ಸೂತ್ರವಲ್ಲ, ಆ ತಾಯಿಯ ಸೆರಗಿನ ಗಂಟು.

ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಸರಿಯಾಗಿ ಬರೆದು, ಸಹಿ ಹಾಕಿ, "ಅವ್ವಾ, ತಪ್ಪಾತು, ತಿದ್ದೀನಿ" ಅಂದೆ. ಎರಡು ನಿಮಿಷದ ಕೆಲಸ. ಆ ತಾಯಿ ಏಳಲಿಲ್ಲ. "ಪುಸ್ತಕದಾಗ ನೀ ತಿದ್ದಿದಿ. ಓಣ್ಯಾಗ ಯಾರು ತಿದ್ದತಾರೋ?" ಅಂದರು. ನೋಟೀಸು ಓದಿದ ಮರುದಿನ ಕಿರಾಣಿ ಅಂಗಡಿಯವನು ಅವರಿಗೆ ಉದ್ರಿ ಕೊಡಲಿಕ್ಕೆ ಹಿಂದೆ ಮುಂದೆ ನೋಡಿದ್ದನಂತೆ. ಬೀಗರಿಗೂ ಸುದ್ದಿ ಮುಟ್ಟಿತ್ತಂತೆ. ನಾನು ಆ ತಾಯಿಯ ಖಾತೆಗೆ ಡೆಬಿಟ್ ಹಾಕಿದ್ದು 4,500. ಊರಲ್ಲಿ ಅವರ ಹೆಸರಿಗೆ ನಾನು ಹಾಕಿದ ಡೆಬಿಟ್ ಎಷ್ಟು? ಅದಕ್ಕೆ ಕಾಲಮು ಎಲ್ಲಿದೆ?

ಆಗಿನ ಅಧ್ಯಕ್ಷರಿಗೆ ಹೋಗಿ ಹೇಳಿದೆ. ಅವರು ಬೈಯಲಿಲ್ಲ. "ನಡಿ" ಅಂದರು. ಅಂದು ಸಂಜೆ ಅವರು, ನಾನು, ಅದೇ ಸಿಪಾಯಿ ಮೂವರೂ ಅದೇ ಕಟ್ಟೆಯ ಮೇಲೆ ನಿಂತೆವು. ತಪ್ಪು ಸಂಘದ್ದು, ಈ ತಾಯಿ 4,500 ಸರಿಯಾದ ವೇಳೆಗೆ ಕಟ್ಟಿದ್ದಾರೆ ಅಂತ ಬರೆದ ಪತ್ರವನ್ನು ನಾನೇ ದೊಡ್ಡ ದನಿಯಲ್ಲಿ ಓದಿದೆ. ಓದುವಾಗ ನಾಲಿಗೆ ಒಣಗಿತ್ತು. ಓದಿದ ಮೇಲೆ ಆ ತಾಯಿ ಒಳಗೆ ಕರೆದು ಚಹಾ ಕೊಟ್ಟರು. ಉಳಿದ ಅಸಲು 5,500ನ್ನು ಬಡ್ಡಿಸಹಿತ ಮಾರ್ಚ್ ಕೊನೆಯೊಳಗೆ ಕಟ್ಟಿದರು. ಮರುವರ್ಷ ತಿರುಗಿ ಸಾಲ ತಗೊಂಡರು. ಅಂದಿನಿಂದ ಯಾರ ಮನೆಯ ಮುಂದೆಯೂ ನೋಟೀಸು ಓದಬಾರದು, ನೋಟೀಸು ಬರೆಯುವ ಮೊದಲು ಕೀರ್ದಿಗೂ ಖಾತೆಗೂ ತಾಳೆ ನೋಡಬೇಕು ಅಂತ ಆಡಳಿತ ಮಂಡಳಿ ಠರಾವು ಮಾಡಿತು. ಆ ಪದ್ಧತಿ ಇವತ್ತಿಗೂ ನಡೆದಿದೆ.

ಬಂಧುಗಳೇ, ನಮ್ಮ ಸಂಘದ ಹೆಸರಿನಲ್ಲೇ 'ಪತ್ತು' ಎಂಬ ಮಾತಿದೆ. ಪತ್ತಿನ ಸಹಕಾರ ಸಂಘ. ಬೋರ್ಡಿನ ಮೇಲೆ ದಿನಾ ನೋಡುತ್ತೇವೆ, ಅರ್ಥ ಯೋಚಿಸುವುದಿಲ್ಲ. ಮರಾಠಿಯಲ್ಲಿ 'ಪತ' ಅಂದರೆ ಪೇಟೆಯಲ್ಲಿ ಒಬ್ಬನ ಮಾತಿಗೆ ಇರುವ ಬೆಲೆ, ಅವನ ಮೇಲಿನ ವಿಶ್ವಾಸ. ಅಲ್ಲಿ ಇಂಥ ಸಂಘಕ್ಕೆ 'ಪತಸಂಸ್ಥಾ' ಅನ್ನುತ್ತಾರೆ. ನಮ್ಮ ಪತ್ತೂ ಅದೇ, ಕ್ರೆಡಿಟ್ಟೂ ಅದೇ.

1904ರಲ್ಲಿ ಬ್ರಿಟಿಷ್ ಸರಕಾರ ಮಾಡಿದ ಮೊದಲ ಸಹಕಾರಿ ಕಾಯದೆಯ ಹೆಸರಲ್ಲೂ ಕ್ರೆಡಿಟ್ ಎಂಬ ಶಬ್ದ ಇತ್ತು, ಏಕೆಂದರೆ ಅದು ಪತ್ತಿನ ಸಂಘಗಳಿಗೆ ಮಾತ್ರ ಅನ್ವಯಿಸುತ್ತಿತ್ತು. 1912ರ ಕಾಯದೆಯಲ್ಲಿ ಆ ಶಬ್ದ ಬಿಟ್ಟರು, ಬೇರೆ ಬಗೆಯ ಸಹಕಾರ ಸಂಘಗಳಿಗೂ ದಾರಿ ಆಯಿತು. ಆ ಮೊದಲ ಕಾಯದೆ ಬಂದ ಮರುವರ್ಷ, 1905ರಲ್ಲಿ, ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ದೇಶಕ್ಕೇ ದಾರಿ ತೋರಿಸಿದ ಸಂಘ ಅದು. ಜರ್ಮನಿಯಲ್ಲಿ ರೈಫೈಸನ್ ಎಂಬ ಮಹನೀಯರು 19ನೇ ಶತಮಾನದಲ್ಲಿ ಹಳ್ಳಿಗಳಲ್ಲಿ ಇಂಥ ಸಂಘ ಕಟ್ಟಿದ್ದರು. ಅವರ ವಿಚಾರ ಸರಳ: ಬಡವನ ಹತ್ತಿರ ಅಡವಿಡಲಿಕ್ಕೆ ಬಂಗಾರ ಇಲ್ಲ. ಆದರೆ ಅವನು ಎಂಥವನು ಎಂಬುದು ಊರವರಿಗೆ ಗೊತ್ತು. ಆ ಗುರುತೇ ಅವನ ಅಡವು. ಊರವರೆಲ್ಲ ಒಬ್ಬರಿಗೊಬ್ಬರು ಜವಾಬ್ದಾರರಾದರೆ ಸಾಹುಕಾರನ ಬಾಗಿಲಿಗೆ ಹೋಗುವುದು ತಪ್ಪುತ್ತದೆ. ಪತ್ತಿನ ಸಂಘದ ಬುನಾದಿ ಇದೇ. ಹೀಗಿರುವಾಗ ಒಬ್ಬರ ಹೆಸರು ಕೆಡಿಸಿದರೆ ಅವರ ಅಡವನ್ನೇ ಕಸಿದುಕೊಂಡ ಹಾಗೆ. ಆ ತಾಯಿಯ ಸಿಟ್ಟಿನ ಕಾರಣ ನನಗೆ ಆಗ ತಿಳಿಯಿತು.

ಇನ್ನು ಈಗಿನ ಕಾಲಕ್ಕೆ ಬರುತ್ತೇನೆ. 2022ರಲ್ಲಿ ಕೇಂದ್ರ ಸರಕಾರ ದೇಶದ ಪ್ರಾಥಮಿಕ ಪತ್ತಿನ ಸಂಘಗಳಿಗೆ ಕಂಪ್ಯೂಟರ್ ಅಳವಡಿಸುವ ಯೋಜನೆ ಮಂಜೂರು ಮಾಡಿತು. ಒಳ್ಳೆಯದೇ. ಎಡ ಬಲ ತಪ್ಪುವುದನ್ನು ಕಂಪ್ಯೂಟರ್ ತಡೆಯುತ್ತದೆ. ಆದರೆ ಒಬ್ಬರ ರೊಕ್ಕವನ್ನು ಇನ್ನೊಬ್ಬರ ಖಾತೆಗೆ ಹಾಕಿದರೆ ಎರಡೂ ಕಡೆ ತಾಳೆ ಆಗಿಯೇ ಇರುತ್ತದೆ, ಯಂತ್ರ ಸುಮ್ಮನಿರುತ್ತದೆ. ಅದನ್ನು ಹಿಡಿಯುವವರು ಸದಸ್ಯರೇ. ಆದ್ದರಿಂದ ಪಾವತಿ ಜೋಪಾನ ಮಾಡಿರಿ.

ನಿಮ್ಮ ಮೊಬೈಲಿಗೆ ಬರುವ ಸಂದೇಶದಲ್ಲಿ 'ಕ್ರೆಡಿಟೆಡ್' ಅಂತಿದ್ದರೆ ಖಾತೆಗೆ ಬಂತು, 'ಡೆಬಿಟೆಡ್' ಅಂತಿದ್ದರೆ ಖಾತೆಯಿಂದ ಹೋಯಿತು. ಕಿಸಾನ್ ಸಮ್ಮಾನದ 2,000 ಬಂದರೆ ಕ್ರೆಡಿಟೆಡ್. ಅದರಿಂದ ಗೊಬ್ಬರಕ್ಕೆ 500 ಕೊಟ್ಟರೆ ಡೆಬಿಟೆಡ್. ಇಷ್ಟು ಸಾಕು. ಆದರೆ ಸಂದೇಶ ಬಂದ ಮಾತ್ರಕ್ಕೆ ರೊಕ್ಕ ಬಂತು ಅಂತ ತಿಳಿಯಬೇಡಿ. ಮೋಸಗಾರರು ಬ್ಯಾಂಕಿನದೇ ಅನ್ನುವ ಹಾಗೆ 'ಕ್ರೆಡಿಟೆಡ್' ಅಂತ ಸುಳ್ಳು ಸಂದೇಶ ಕಳಿಸಿ, ಹಿಂದೆಯೇ ಫೋನು ಮಾಡಿ "ತಪ್ಪಿ ನಿಮ್ಮ ಖಾತೆಗೆ ಹಾಕಿಬಿಟ್ಟೆ, ದಯಮಾಡಿ ವಾಪಸ್ಸು ಕಳಿಸ್ರಿ" ಅಂತ ಅಳುತ್ತಾರೆ. ನಮ್ಮ ಮಂದಿ ಮರುಗುವ ಮಂದಿ, ಕಳಿಸಿಬಿಡುತ್ತಾರೆ. ಮೊದಲು ಖಾತೆ ತೆಗೆದು ಶಿಲ್ಕು ನೋಡಿರಿ. ಇನ್ನೊಂದು ಮಾತು ಗಂಟು ಹಾಕಿಕೊಳ್ಳಿರಿ: ರೊಕ್ಕ ನಮ್ಮ ಖಾತೆಗೆ ಬರಲಿಕ್ಕೆ ಪಿನ್ ಒತ್ತಬೇಕಾಗಿಲ್ಲ. ರೊಕ್ಕ ಬರುತ್ತದೆ ಪಿನ್ ಒತ್ತಿರಿ ಅಂತ ಯಾರಾದರೂ ಹೇಳಿದರೆ ಅದು ಕ್ರೆಡಿಟ್ ಅಲ್ಲ, ಡೆಬಿಟ್. ಮೋಸ ಆಯಿತು ಅಂತ ಗೊತ್ತಾದ ಕೂಡಲೇ ನಾಚಿಕೊಳ್ಳದೆ 1930ಕ್ಕೆ ಫೋನು ಮಾಡಿ, ಬ್ಯಾಂಕಿಗೂ ತಿಳಿಸಿರಿ. ತಡ ಮಾಡಿದಷ್ಟು ರೊಕ್ಕ ದೂರ ಹೋಗುತ್ತದೆ.

ಇನ್ನು ಕಾರ್ಡುಗಳು. ಡೆಬಿಟ್ ಕಾರ್ಡು ಅಂದರೆ ನಿಮ್ಮ ಖಾತೆಯಲ್ಲಿದ್ದ ನಿಮ್ಮದೇ ರೊಕ್ಕ. ಕ್ರೆಡಿಟ್ ಕಾರ್ಡು ಅಂದರೆ ಬ್ಯಾಂಕಿನ ರೊಕ್ಕ, ಅಂದರೆ ಸಾಲ. ನಮ್ಮ ಊರಿನ ಒಬ್ಬ ಹುಡುಗ "ಕ್ರೆಡಿಟ್ ಅಂದ್ರ ಜಮಾ ಅಂತ ನೀವ ಹೇಳಿದ್ರಲ್ರಿ ಕಾಕಾ" ಅಂತ ನನ್ನ ಮುಂದೆಯೇ ನಿಂತು ಕೇಳಿದ. ಜಮಾ ಅಂತ ತಿಳಿದು ಖರ್ಚು ಮಾಡಿದ್ದ. ಅಲ್ಲಿ ಕ್ರೆಡಿಟ್ ಅಂದರೆ ಬ್ಯಾಂಕು ನಿನ್ನ ಮೇಲೆ ಇಟ್ಟ ನಂಬಿಕೆಯಪ್ಪಾ, ನಿನ್ನ ಗಳಿಕೆ ಅಲ್ಲ ಅಂದೆ. ವಾಯಿದೆಯೊಳಗೆ ಪೂರ್ತಿ ಕಟ್ಟದೆ ಬಿಟ್ಟರೆ ಅನೇಕ ಕಾರ್ಡುಗಳ ಬಡ್ಡಿ ತಿಂಗಳಿಗೆ ಶೇಕಡಾ 3ಕ್ಕೂ ಮೇಲೆ ಇರುತ್ತದೆ, ಅಂದರೆ ವರ್ಷಕ್ಕೆ ಶೇಕಡಾ 36 ದಾಟುತ್ತದೆ. ಹಳೆಯ ಸಾಹುಕಾರನೂ ನಾಚುವ ಬಡ್ಡಿ.

ಕೊನೆಯದಾಗಿ ಕ್ರೆಡಿಟ್ ಸ್ಕೋರ್. ಸಾಲ ತೀರಿಸುವ ನಡತೆಯನ್ನು 300ರಿಂದ 900ರವರೆಗಿನ ಅಂಕದಲ್ಲಿ ಅಳೆಯುತ್ತಾರೆ. ಇದನ್ನು ಅಳೆಯುವ ಸಿಬಿಲ್ ಸಂಸ್ಥೆ ಹುಟ್ಟಿದ್ದು 2000ದಲ್ಲಿ, ನಮ್ಮ ಸಂಘ ಹುಟ್ಟಿದ ವರ್ಷವೇ. ಗೆಳೆಯನಿಗೆ ಅಂತ ಜಾಮೀನು ಹಾಕಿದರೆ, ಅವನು ಕಟ್ಟದಿದ್ದರೆ ನಿಮ್ಮ ಅಂಕಕ್ಕೂ ಪೆಟ್ಟು ಬೀಳಬಹುದು. "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ" ಅನ್ನುವ ಗಾದೆ ನಮ್ಮಲ್ಲಿದೆ. ಜಾಮೀನು ಹಾಕಿದವನ ಗತಿ ಇನ್ನೂ ಕಷ್ಟ. ಸಹಿ ಮಾಡುವ ಮೊದಲು ಯೋಚಿಸಿರಿ. ಹಾಗೆಯೇ, ಯಾವ ಅಂಕವೂ ಮನುಷ್ಯನನ್ನು ಪೂರ್ತಿ ಅಳೆಯುವುದಿಲ್ಲ ಎಂಬುದನ್ನೂ ಮರೆಯಬೇಡಿ. ಮಳೆ ಕೈಕೊಟ್ಟ ವರ್ಷ ಒಬ್ಬ ರೈತ ಯಾಕೆ ಕಟ್ಟಲಿಲ್ಲ ಎಂಬುದು ಅಂಕಕ್ಕೆ ಗೊತ್ತಿಲ್ಲ, ಊರಿನ ಸಂಘಕ್ಕೆ ಗೊತ್ತಿದೆ. ಊರಿಗೆ ಒಂದು ಸಂಘ ಯಾಕೆ ಬೇಕು ಅಂದರೆ ಇದಕ್ಕೇ ಬೇಕು.

ಈ 25 ವರ್ಷಗಳಲ್ಲಿ ಸಂಘ ಸದಸ್ಯರನ್ನು ನಂಬಿದೆ, ಸದಸ್ಯರು ಸಂಘವನ್ನು ನಂಬಿದ್ದಾರೆ. ಸಾಲ ತಗೊಂಡವರು ವೇಳೆಗೆ ಕಟ್ಟುವುದು, ಲೆಕ್ಕ ಬರೆಯುವವರು ಶ್ರದ್ಧೆಯಿಂದ ಬರೆಯುವುದು, ಎರಡೂ ಆದರೆ ಮಾತ್ರ ಮುಂದಿನ 25 ವರ್ಷ. ಸಿಬ್ಬಂದಿಯ ಹುಡುಗರಿಗೆ ನನ್ನದೊಂದು ವಿನಂತಿ: ಒಬ್ಬರ ಹೆಸರಿನ ಮುಂದೆ ಅಂಕಿ ಬರೆಯುವಾಗ ಒಂದು ಕ್ಷಣ ಪೆನ್ನು ತಡೆದು, ಇದು ಕಳೆಯುವುದೋ ಕೂಡುವುದೋ ಅಂತ ಕೇಳಿಕೊಳ್ಳಿ. ಆ ತಾಯಿ ನನ್ನನ್ನು ಕೇಳಿದ್ದು ಅಷ್ಟೇ.



ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.